ಸ್ಟೀಲ್ ಮೇಜಿಗೆ ಆ್ಯಸಿಡ್ ಬೇಡ

ಮಾನ್ಯರೇ,

ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲ್, ಮಂಡಕ್ಕಿ-ಮಿರ್ಚಿ ಅಂಗಡಿಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಮೇಜು, ಸಿಂಕ್‌ಗಳ ಮೇಲೆ ತುಕ್ಕಿನ ಚುಕ್ಕಿ ಕಂಡರೆ ‘ಮಾಲೇ ಡೂಪ್ಲಿಕೇಟ್’ ಎಂದು ದೂರುವುದುಂಟು. ಎಷ್ಟೋ ಸಲ ತಪ್ಪು ತೊಳೆಯುವ ಕ್ರಮದ್ದು.

ಹೋಟೆಲ್ ಮೇಜು, ಸಿಂಕ್‌ಗಳಿಗೆ ಸಾಮಾನ್ಯವಾಗಿ ಬಳಸುವ 304 ದರ್ಜೆಯ ಸ್ಟೀಲಿನಲ್ಲಿ ಸುಮಾರು 18% ಕ್ರೋಮಿಯಂ, 8% ನಿಕಲ್ ಇರುತ್ತದೆ. ಕ್ರೋಮಿಯಂ ಆಮ್ಲಜನಕದೊಂದಿಗೆ ಸೇರಿ ಕಟ್ಟುವ, ಕಣ್ಣಿಗೆ ಕಾಣದ ಪದರವೇ ಅದರ ರಕ್ಷಣೆ. ಬ್ಲೀಚಿಂಗ್ ಪೌಡರ್, ಟಾಯ್ಲೆಟ್ ಆ್ಯಸಿಡ್, ಉಪ್ಪುನೀರಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಒಡೆದು ಸಣ್ಣ ಸಣ್ಣ ಗುಳಿ ಕೊರೆಯುತ್ತದೆ. ಗುಳಿ ಬಿದ್ದ ಮೇಲೆ ಎಷ್ಟು ತೊಳೆದರೂ ಹೋಗದು. ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ಬೆರೆತರಂತೂ ವಿಷದ ಕ್ಲೋರಿನ್ ಅನಿಲ ಏಳುತ್ತದೆ; ಕೆಲಸದ ಹುಡುಗರ ಕೈಗೆ ಇವೆರಡನ್ನೂ ದಯವಿಟ್ಟು ಕೊಡಬೇಡಿ.

ದೋಸೆಯ ಕಬ್ಬಿಣದ ಹಂಚು ಕೆರೆಯುವ ಪಟ್ಟಿಯನ್ನು, ಕಬ್ಬಿಣದ ನಾರನ್ನು ಸ್ಟೀಲಿಗೆ ತಾಗಿಸಬಾರದು. ಅಂಟಿಕೊಂಡ ಕಬ್ಬಿಣದ ಕಣವೇ ತುಕ್ಕು ಹಿಡಿಯುತ್ತದೆ.

ಜಿಡ್ಡಿಗೆ ಬಿಸಿನೀರು, ಪಾತ್ರೆ ಸೋಪು, ಮೆತ್ತನೆಯ ಸ್ಪಂಜು ಸಾಕು. ಸ್ಟೀಲಿನ ಮೇಲಿನ ಸಣ್ಣ ಗೆರೆಗಳ ಉದ್ದಕ್ಕೇ ಉಜ್ಜಿ, ಅಡ್ಡಕ್ಕಲ್ಲ. ಬೋರ್‌ವೆಲ್‌ನ ಗಡಸು ನೀರು ಬಿಡುವ ಬಿಳಿ ಕಲೆಗೆ ವಿನೆಗರ್ ಮತ್ತು ನೀರನ್ನು ಸಮ ಪಾಲು ಬೆರೆಸಿ ಹಚ್ಚಿ, 5–10 ನಿಮಿಷ ಬಿಟ್ಟು, ಚೆನ್ನಾಗಿ ತೊಳೆಯಿರಿ. ಬಹಳಷ್ಟು ಕಡೆ ಬಿಟ್ಟುಹೋಗುವ ಕೆಲಸವೆಂದರೆ ಕೊನೆಗೆ ಒಣಬಟ್ಟೆಯಲ್ಲಿ ಒರೆಸುವುದು. ರಾತ್ರಿ ಬಾಗಿಲು ಹಾಕುವಾಗ ಸಿಂಕಿನಲ್ಲಿ ಒದ್ದೆ ಬಟ್ಟೆ, ಕಬ್ಬಿಣದ ಬಾಣಲೆ ಬಿಡಬೇಡಿ. ಬೆಸುಗೆಯ ಸಂದಿಗಳನ್ನು ತಪ್ಪದೆ ಒರೆಸಿ.

– ಹೋಟೆಲ್ ಸಲಕರಣೆ ದುರಸ್ತಿಗಾರರು, ದಾವಣಗೆರೆ