ಕುಡಿತದ ಲೆಕ್ಕದ ಜೊತೆ ಆಘಾತವನ್ನೂ ಕೇಳಿ

ಮಾನ್ಯರೇ,

ವ್ಯಸನಮುಕ್ತಿ ಕೇಂದ್ರಕ್ಕೆ ಬಂದವರಿಗೆ ದಿನಕ್ಕೆಷ್ಟು ಕ್ವಾರ್ಟರ್ ಎಂದು ಕೇಳುತ್ತಾರೆ; ಅಪಘಾತ, ಹಲ್ಲೆ, ಲೈಂಗಿಕ ದೌರ್ಜನ್ಯದ ಬಗ್ಗೆ ಕೇಳುವವರು ಕಡಿಮೆ. ಇಂಥ ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆಯನ್ನು (ಪಿಟಿಎಸ್‌ಡಿ) ಗುರುತಿಸುವ ಕಿರು ಪ್ರಶ್ನಾವಳಿಯಾದ ಪಿಸಿ-ಪಿಟಿಎಸ್‌ಡಿ-5 ತಪಾಸಣೆಗೆ ಐದು ನಿಮಿಷ ಸಾಕು. ಆಘಾತ ಆಗಿದ್ದರೆ ಮಾತ್ರ ಮುಂದಿನ ಐದು ಪ್ರಶ್ನೆ: ಕಳೆದ ತಿಂಗಳಲ್ಲಿ ದುಃಸ್ವಪ್ನ ಅಥವಾ ಬೇಡವೆಂದರೂ ಬರುವ ನೆನಪು, ಅದನ್ನು ನೆನಪಿಸುವುದರಿಂದ ದೂರ ಸರಿಯುವುದು, ಬೆಚ್ಚಿಬೀಳುವುದು, ಮನಸ್ಸು ಮರಗಟ್ಟುವುದು, ತನ್ನನ್ನೋ ಇತರರನ್ನೋ ದೂರುತ್ತಲೇ ಇರುವುದು. ಮೂರಕ್ಕೆ ‘ಹೌದು’ ಬಂದರೆ ಮನೋವೈದ್ಯರು ವಿವರವಾಗಿ ಪರೀಕ್ಷಿಸಬೇಕು, ಇಷ್ಟೇ ರೋಗನಿರ್ಣಯವಲ್ಲ.

ಎಡವುವುದು ಕೇಳುವ ಹೊತ್ತಿನ ಆಯ್ಕೆಯಲ್ಲಿ. ಕುಡಿತ ನಿಂತ ಮೊದಲ ದಿನಗಳಲ್ಲಿ ನಿದ್ದೆಗೇಡು, ಬೆಚ್ಚುವಿಕೆ ಹೇಗೂ ಇರುತ್ತವೆ. ನಡುಕ ಇಳಿದ ಮೇಲೆ ಮತ್ತೆ ಕೇಳಬೇಕು. ಅದೂ ಒಬ್ಬರೇ ಇದ್ದಾಗ. ಪಕ್ಕದಲ್ಲಿ ಕುಳಿತ ಸಂಬಂಧಿಕರೇ ಹೊಡೆದವರಾಗಿರಬಹುದು! ‘ಮೊದಲು ಕುಡಿತ ಬಿಡಲಿ, ಆಮೇಲೆ ನೋಡೋಣ’ ಎಂಬುದು ಹಳೇ ವಾದ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಕೊಡಬಹುದು.

– ಆಪ್ತಸಮಾಲೋಚಕರಿಬ್ಬರು, ಹಾಸನ