ಗೋಡೆ ಕೆಡಿಸಿದ್ದು ಗುತ್ತಿಗೆದಾರ, ಪರಿಹಾರ ಕೊಡಬೇಕಾದ್ದು ಕಂಪನಿ

ಪ್ರೀತಿಯ ಸುಮಾ,

ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಕ್ಷೇಮ.

ನೀನು ಕಳಿಸಿದ ಫೋಟೊಗಳನ್ನು ನೋಡಿದೆ. ನೆಲದಡಿ ವಿದ್ಯುತ್ ಕೇಬಲ್ ಹಾಕಲು ಬಂದ ಜೆಸಿಬಿ ಕಾಂಪೌಂಡಿನ ಬುಡ ಅಲುಗಾಡಿಸಿದ್ದಲ್ಲದೆ ನೀರಿನ ಸಂಪಿಗೆ ಬರುವ ಪೈಪನ್ನೂ ಕಿತ್ತು ಹೋಗಿದೆ. ‘ನಾಳೆ ಬಂದು ಸರಿ ಮಾಡಿಕೊಡುತ್ತೇವೆ ಮೇಡಂ’ ಎಂದು ಮೇಸ್ತ್ರಿ ಹೇಳಿ ಹೋದನಂತೆ. ದೆವ್ವ ಓಡಿಸಲು ಬಾಗಿಲ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’ ಇದ್ದ ಹಾಗೆ ಅದು. ನಂಬಿಕೊಂಡು ಕೂರಬೇಡ.

ನನಗೆ ಸಿಟ್ಟು ಬಂದದ್ದು ಮೇಸ್ತ್ರಿಯ ಮೇಲಲ್ಲ, ‘ಗುತ್ತಿಗೆದಾರನನ್ನೇ ಕೇಳಿ’ ಎಂದು ಜಾರಿಕೊಂಡ ವಿದ್ಯುತ್ ಕಂಪನಿಯ ಕಚೇರಿಯವರ ಮೇಲೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 67ನೇ ಸೆಕ್ಷನ್ ರಸ್ತೆ ಅಗೆಯುವ ಅಧಿಕಾರವನ್ನು ಕಂಪನಿಗೆ ಕೊಡುತ್ತದೆ. ಅದೇ ಸೆಕ್ಷನ್ನಿನ 3ನೇ ಉಪಸೆಕ್ಷನ್, ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು ಎನ್ನುತ್ತದೆ. ಕಂಪನಿ ತಾನೇ ಮಾಡಿದ ಹಾನಿಗೆ ಮಾತ್ರವಲ್ಲ, ತಾನು ಕೆಲಸಕ್ಕಿಟ್ಟವರು ಮಾಡಿದ್ದಕ್ಕೂ. ಈ ಮಾತನ್ನು ಅರ್ಜಿಯ ಎರಡನೇ ಸಾಲಿನಲ್ಲೇ ಬರೆ. ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಅವರವರ ವ್ಯವಹಾರ.

ಆ ಉಪಸೆಕ್ಷನ್ನಿನಲ್ಲಿ ಹಾನಿಯ ಜೊತೆಗೆ ‘ಅನನುಕೂಲ’ವನ್ನೂ ಹೇಳಿದೆ. ಹಾಗಾಗಿ ಪೈಪ್ ಒಡೆದ ಮೇಲೆ ತರಿಸಿದ ಟ್ಯಾಂಕರ್ ನೀರಿನ ಚೀಟಿಗಳನ್ನೂ ಜೋಪಾನವಾಗಿಡು. ಸಂಪಿನಲ್ಲಿ ನಿಂತ ಕೆಸರನ್ನು ತೊಳೆಸುವ ಮೊದಲು ಫೋಟೊ ತೆಗೆ. ಗೋಡೆಯ ಬಿರುಕಿನ ಪಕ್ಕ ಅಳತೆ ಟೇಪು ಹಿಡಿದು ಒಂದು, ದೂರ ನಿಂತು ಜೆಸಿಬಿ ತೋಡಿದ ಗುಂಡಿಯೂ ಕಾಣುವಂತೆ ಒಂದು. ಒಡೆದ ಪೈಪಿನ ತುಂಡನ್ನು ಗುಜರಿಗೆ ಹಾಕಬೇಡ. ಗುಂಡಿಯಲ್ಲಿ ಕೇಬಲ್ ಕಂಡರೆ ಹತ್ತಿರ ಹೋಗಬೇಡ. ದುರಸ್ತಿಯ ಅಂದಾಜುಪಟ್ಟಿಯನ್ನು ಸಿವಿಲ್ ಎಂಜಿನಿಯರ್ ಒಬ್ಬರಿಂದ ಸಹಿ ಸಮೇತ ಮಾಡಿಸು.

ಗೇಟಿನ ಮುಂದಿನ ಇಳಿಜಾರು ಕಟ್ಟೆಯನ್ನು ಮಾತ್ರ ಪಟ್ಟಿಗೆ ಸೇರಿಸಬೇಡ. ಅದು ನಿವೇಶನದ ಗಡಿ ದಾಟಿ ರಸ್ತೆಗೆ ಚಾಚಿಕೊಂಡಿದೆ, ನಿನಗೂ ಗೊತ್ತು. ಅದನ್ನು ಕೇಳಿದರೆ ಉಳಿದದ್ದಕ್ಕೂ ಕಲ್ಲು ಬೀಳುತ್ತದೆ.

ಅರ್ಜಿಯನ್ನು ಕಾರ್ಯನಿರ್ವಾಹಕ ಎಂಜಿನಿಯರ್ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿನ್ನ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡೇ ಹೊರಗೆ ಬಾ. ಮೊಹರಿಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಗುಮಾಸ್ತನಾಗಿ ದುಡಿದ ನನ್ನ ಮಾತು ಕೇಳು. ಕಂಪನಿ ಗುತ್ತಿಗೆದಾರನಿಗೆ ಕೊಟ್ಟ ಕೆಲಸದ ಆದೇಶದ ಪ್ರತಿ ಬೇಕೆಂದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳು. ಮೂವತ್ತು ದಿನದೊಳಗೆ ಉತ್ತರಿಸಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದ ಮೀರದಂತಿರಬೇಕು. ನಿನ್ನಂಥ ಮಾತುಗಾರ್ತಿಗೆ ಅದು ಕಷ್ಟವೇ!

ಮೇಸ್ತ್ರಿ ಬಂದು ‘ದುರಸ್ತಿಯಾಗಿದೆ, ತಕರಾರಿಲ್ಲ’ ಎಂಬ ಕಾಗದ ಚಾಚಿದರೆ, ಗೋಡೆ ನಿಂತು ಸಂಪಿಗೆ ನೀರು ಬರುವ ತನಕ ಸಹಿ ಹಾಕಬೇಡ. ಕಂಪನಿ ಕೊಡುವುದಿಲ್ಲ ಎಂದರೆ, ಅಥವಾ ಮೊತ್ತದಲ್ಲಿ ಚೌಕಾಸಿಗೆ ಇಳಿದರೆ, ಅದನ್ನು ತೀರ್ಮಾನಿಸುವ ಅಧಿಕಾರವನ್ನು 67ನೇ ಸೆಕ್ಷನ್ನಿನ 4ನೇ ಉಪಸೆಕ್ಷನ್ ಆಯೋಗಕ್ಕೆ ಕೊಟ್ಟಿದೆ. ನಮ್ಮಲ್ಲಿ ಅದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಅಲ್ಲಿಯವರೆಗೆ ಹೋಗಬೇಕಾಗಿ ಬಂದರೆ ವಕೀಲರೊಬ್ಬರನ್ನು ಕೇಳೋಣ.

ಅರ್ಜಿಯ ಕರಡನ್ನು ಮೊದಲು ನನಗೆ ವಾಟ್ಸಾಪ್ ಮಾಡು. ಸಿಟ್ಟಿನ ಸಾಲುಗಳನ್ನು ನಾನು ಹೊಡೆದು ಹಾಕುತ್ತೇನೆ.

ನಿನ್ನ,
ಅಪ್ಪ