ಟಿವಿ ಗೋಡೆಯ ಹಿಂದೇನಿದೆ ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಮನೆ ಅಲಂಕಾರದ ಪುಟದಲ್ಲಿ ಗೋಡೆಗೆ ಕೂರಿಸಿದ ದೊಡ್ಡ ಟಿವಿ, ಕೆಳಗೊಂದು ತೂಗು ಕಪಾಟು, ಅದರಲ್ಲಿ ಗೇಮಿಂಗ್ ಕನ್ಸೋಲ್ (ಟಿವಿಗೆ ಜೋಡಿಸಿ ವಿಡಿಯೊ ಆಟ ಆಡುವ ಪೆಟ್ಟಿಗೆ), ಹಿಂದೆ ನೀಲಿ ಲೈಟು, ಇಂಥ ಚಿತ್ರಗಳು ಆಗಾಗ ಬರುತ್ತವೆ. ನೋಡೋಕೆ ಚೆನ್ನಾಗಿಯೇ ಇರುತ್ತವೆ. ಆದರೆ ಯಾವುದರಲ್ಲೂ ಒಂದೇ ಒಂದು ವೈರ್ ಕಾಣುವುದಿಲ್ಲ! ನಾನು ಮನೆ ವೈರಿಂಗ್ ಮಾಡುವವನು, ಟಿವಿ ಕೂರಿಸುವ ಕೆಲಸವೂ ನನ್ನದೇ. ಆ ಚಿತ್ರ ತೋರಿಸಿ "ಹೀಗೇ ಬೇಕು" ಅನ್ನುವವರು ಬರುವ ಹೊತ್ತಿಗೆ ಗೋಡೆಗೆ ಬಣ್ಣ ಆಗಿರುತ್ತದೆ, ಕಪಾಟು ಬಂದಿರುತ್ತದೆ. ಟಿವಿ ಆರಿಸುವುದಕ್ಕೂ ಮೊದಲು ಪೈಪ್ ಎಲ್ಲಿ, ಪ್ಲಗ್ ಎಲ್ಲಿ, ಬಿಸಿ ಗಾಳಿ ಹೋಗುವುದೆಲ್ಲಿ ಅಂತ ತೀರ್ಮಾನಿಸಬೇಕು. ಇದನ್ನು ಆ ಪುಟದಲ್ಲಿ ಒಮ್ಮೆಯಾದರೂ ಬರೆಯಿರಿ ಎಂದು ಕೇಳಲು ಈ ಪತ್ರ.

ಪೈಪಿನಿಂದಲೇ ಶುರು ಮಾಡುತ್ತೇನೆ. ಎಷ್ಟೋ ಮನೆಗಳಲ್ಲಿ ಲೈಟಿನ ವೈರಿಗೆ ಹಾಕುವ 20 ಮಿ.ಮೀ. ಪೈಪನ್ನೇ ಟಿವಿಗೂ ಹಾಕಿಸಿರುತ್ತಾರೆ. ಕನ್ಸೋಲಿನಿಂದ ಟಿವಿಗೆ ಚಿತ್ರ, ಧ್ವನಿ ಒಯ್ಯುವ ಎಚ್‌ಡಿಎಂಐ ವೈರ್ ಸಣ್ಣದೇ, ಆದರೆ ಅದರ ತುದಿಯ ಪ್ಲಗ್ ಅಗಲವಾಗಿ, ಬಿರುಸಾಗಿರುತ್ತದೆ. ಆ ಪೈಪಿನ ಬಾಯಲ್ಲೇ ತಡೆಯುತ್ತದೆ. ಒಂದಿಷ್ಟು ದೊಡ್ಡ ಪೈಪ್ ಇದ್ದರೂ ಬೆಂಡ್ ಬಂದಲ್ಲಿ ಸಿಕ್ಕಿಕೊಳ್ಳುತ್ತದೆ. ಎಳೆದರೆ ವೈರ್ ಬರುತ್ತದೆ, ಪ್ಲಗ್ ಬರುವುದಿಲ್ಲ. "ಕತ್ತರಿಸಿ, ಆಮೇಲೆ ಸೇರಿಸಿದರಾಯ್ತು" ಅಂತ ಸಲಹೆ ಕೊಡುವವರೂ ಇದ್ದಾರೆ. ಅದರ ಪ್ಲಗ್ಗಿನಲ್ಲಿ 19 ಪಿನ್ ಇವೆ ಸ್ವಾಮಿ, ತಿರುಚಿ ಟೇಪ್ ಸುತ್ತುವ ವೈರ್ ಅಲ್ಲ ಅದು. 50 ಮಿ.ಮೀ. ಪೈಪ್ ಹಾಕಿಸಿ, ಬೆಂಡ್ ಆದಷ್ಟೂ ಕಡಿಮೆ ಇರಲಿ, ಒಳಗೊಂದು ನೈಲಾನ್ ದಾರ ಬಿಟ್ಟಿರಿ. ಮುಂದೆ ಬೇರೆ ವೈರ್ ಬೇಕಾದಾಗ ಆ ದಾರಕ್ಕೇ ಕಟ್ಟಿ ಎಳೆಯಬಹುದು. ಇಂಟರ್ನೆಟ್ಟಿನ ಲ್ಯಾನ್ ವೈರನ್ನೂ ಇದರಲ್ಲೇ ಬಿಟ್ಟುಬಿಡಿ. ಆನ್‌ಲೈನ್ ಆಟ ಆಡುವವರಿಗೆ ವೈಫೈಗಿಂತ ಅದೇ ನಂಬಿಕೆಯದ್ದು.

ಕರೆಂಟಿಗೆ ಬೇರೆ ಪೈಪ್ ಬೇಕು. ಟಿವಿಯ ಜೊತೆ ಬರುವ ಕರೆಂಟ್ ವೈರನ್ನು ಗೋಡೆಯೊಳಗೆ ಹೂಳಬೇಡಿ, ಅದು ಗೋಡೆಯ ಹೊರಗೆ ಬಳಸಲು ಮಾಡಿದ್ದು. ಟಿವಿಯ ಹಿಂದೆಯೇ ಒಂದು ಪ್ಲಗ್ ಪಾಯಿಂಟ್ ಕೊಟ್ಟರೆ ಸಾಕು. ಟಿವಿಯನ್ನು ಗೋಡೆಗೆ ಹಿಡಿದಿಡುವ ಬ್ರಾಕೆಟ್ ಕೂರುವ ಜಾಗ ಬಿಟ್ಟು ಕೊಡಿ, ಅಷ್ಟೇ.

ಇನ್ನು ಎತ್ತರ. ಟಿವಿ ಎಲ್ಲಿರಬೇಕು ಅಂತ ಗುರುತು ಹಾಕುವಾಗ ಎಲ್ಲರೂ ನಿಂತಿರುತ್ತಾರೆ. ನೋಡುವಾಗ ಎಲ್ಲರೂ ಕೂತಿರುತ್ತಾರೆ. ಅದಕ್ಕೇ ಇಷ್ಟೊಂದು ಮನೆಗಳಲ್ಲಿ ಟಿವಿ ಸೂರಿನ ಹತ್ತಿರ ಹೋಗಿ ಕೂತಿದೆ. ನಾನು ಡ್ರಿಲ್ ಹೊರತೆಗೆಯುವ ಮೊದಲು ಮನೆಯವರನ್ನು ಸೋಫಾದ ಮೇಲೆ ಕೂರಿಸುತ್ತೇನೆ. ಕೂತಾಗ ಕಣ್ಣು ನೆಲದಿಂದ ಸುಮಾರು 1 ಮೀಟರ್ ಎತ್ತರದಲ್ಲಿರುತ್ತದೆ. 55 ಇಂಚಿನ ಟಿವಿಯ ಪರದೆ ಸುಮಾರು 68 ಸೆಂ.ಮೀ. ಎತ್ತರ. ಪರದೆಯ ನಡುಭಾಗ ಕಣ್ಣಿನ ಮಟ್ಟಕ್ಕೆ ಬರುವಂತೆ ಲೆಕ್ಕ ಹಾಕಿದರೆ ಅದರ ಕೆಳಗಿನ ಅಂಚು ನೆಲದಿಂದ 66 ಸೆಂ.ಮೀ. ಆಸುಪಾಸಿಗೆ ಬರುತ್ತದೆ. "ಇಷ್ಟು ಕೆಳಗಾ?" ಅಂತ ಎಲ್ಲರೂ ಕೇಳುತ್ತಾರೆ. ಸಿನಿಮಾವಾದರೆ ಒರಗಿಕೊಂಡು ಹೇಗೋ ನೋಡಬಹುದು. ಆಟ ಆಡುವವರು ಮುಂದಕ್ಕೆ ಬಾಗಿ ಕೂರುತ್ತಾರೆ, ಕತ್ತು ಮೇಲೆತ್ತಿ ಎಷ್ಟು ಹೊತ್ತು ಅಂತ ಆಡುತ್ತಾರೆ?

ನನಗೆ ನಿಜವಾಗಿ ಸಿಟ್ಟು ಬರುವುದು ಕಪಾಟಿನ ಮೇಲೆ. 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಎಂಬ ಕನ್ಸೋಲ್ ನಿಲ್ಲಿಸಿದರೆ 39 ಸೆಂ.ಮೀ. ಎತ್ತರ, 26 ಸೆಂ.ಮೀ. ಆಳ. ಚಿತ್ರದಲ್ಲಿನ ತೂಗು ಕಪಾಟು 30 ಸೆಂ.ಮೀ. ಆಳವಿದ್ದರೆ ಹಿಂದೆ ಉಳಿಯುವುದು 4 ಸೆಂ.ಮೀ. ವೈರ್ ಬಾಗುವುದೂ ಅಲ್ಲೇ, ಬಿಸಿ ಗಾಳಿ ಹೊರಬರುವುದೂ ಅಲ್ಲೇ. ಇನ್ನೊಂದು ಕನ್ಸೋಲ್, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ನಿಲ್ಲಿಸಿದರೆ ಗಾಳಿ ಮೇಲಕ್ಕೆ ಬಿಡುತ್ತದೆ, ಅದರ ತಲೆಯ ಮೇಲೆ ಹಲಗೆ ತಾಗುವಂತಿರಬಾರದು. ದೊಡ್ಡ ಆಟ ನಡೆಯುವಾಗ ಇವು 200 ವಾಟ್ ಆಸುಪಾಸು ಕರೆಂಟ್ ಎಳೆಯುತ್ತವೆ. ಹಳೇ ಕಾಲದ 100 ವಾಟ್ ಬಲ್ಬು ಎರಡನ್ನು ಉರಿಸಿ ಡ್ರಾಯರ್ ಮುಚ್ಚಿದ ಹಾಗೆ. ಗಾಜಿನ ಬಾಗಿಲು ಹಾಕಿಸಿ, ಆಮೇಲೆ "ಕನ್ಸೋಲಿನ ಫ್ಯಾನ್ ಯಾಕೆ ಕಿರುಚುತ್ತದೆ" ಅಂದರೆ ಏನು ಹೇಳಲಿ? ಹಿಂದಿನ ಹಲಗೆ ತೆಗೆಸಿ, ಬಾಗಿಲು ಬೇಡವೇ ಬೇಡ. ಚಂದ ಕಡಿಮೆಯಾದರೆ ಆಗಲಿ.

ಗೋಡೆ ಯಾವುದು ಅಂತಲೂ ಮೊದಲೇ ನೋಡಬೇಕು. ಗಟ್ಟಿ ಇಟ್ಟಿಗೆಗೆ ನಡೆಯುವ ಬೋಲ್ಟ್ ಟೊಳ್ಳು ಬ್ಲಾಕಿಗೆ ನಡೆಯುವುದಿಲ್ಲ. ಹಗುರ ಬ್ಲಾಕಿಗೆ ಡ್ರಿಲ್ಲನ್ನು ಹ್ಯಾಮರ್‌ಗೆ, ಅಂದರೆ ಬಡಿಯುತ್ತಾ ಕೊರೆಯುವುದಕ್ಕೆ, ಹಾಕಿ ಕೊರೆದರೆ ತೂತು ಸಡಿಲವಾಗುತ್ತದೆ. ಮುಂದಕ್ಕೆ ಎಳೆಯುವ ತೋಳಿನ ಬ್ರಾಕೆಟ್ ಆದರೆ ಇನ್ನೂ ಜಾಸ್ತಿ ಜಾಗ್ರತೆ ಬೇಕು. ತೋಳು ಚಾಚಿದಾಗ ಮೇಲಿನ ಬೋಲ್ಟುಗಳನ್ನು ಭಾರ ಹೊರಕ್ಕೆ ಎಳೆಯುತ್ತದೆ.

ಗೋಡೆಗೆ ಅಂಟಿದಂತೆ ಕೂರುವ ಬ್ರಾಕೆಟ್ ತಂದವರಿಗೆ ಒಂದು ಮಾತು. ಕೂರಿಸಿದ ಮೇಲೆ ಹಿಂದಕ್ಕೆ ಕೈ ಹೋಗುವುದಿಲ್ಲ. ಎಷ್ಟೋ ಟಿವಿಗಳಲ್ಲಿ 4ಕೆ ಅನ್ನುವ ತುಂಬಾ ಸ್ಪಷ್ಟ ಚಿತ್ರವನ್ನು ಸೆಕೆಂಡಿಗೆ 120 ಫ್ರೇಮಿನಂತೆ ತೋರಿಸುವ ಎಚ್‌ಡಿಎಂಐ ಪೋರ್ಟ್ ಒಂದೋ ಎರಡೋ ಇರುತ್ತವೆ, ಅದರಲ್ಲೊಂದನ್ನು ಸೌಂಡ್‌ಬಾರ್ (ಟಿವಿಯ ಕೆಳಗಿಡುವ ಉದ್ದನೆ ಸ್ಪೀಕರ್) ಹಿಡಿಯುವುದೂ ಉಂಟು. ಯಾವುದು ಎಲ್ಲಿಗೆ ಅಂತ ಟಿವಿ ಕೆಳಗಿರುವಾಗಲೇ ನೋಡಿ ಚುಚ್ಚಿಡಿ, ಒಮ್ಮೆ ಆಟ ಓಡಿಸಿಯೂ ನೋಡಿ. ಆ 120 ಫ್ರೇಮಿನ ಚಿತ್ರಕ್ಕೆ ಅಲ್ಟ್ರಾ ಹೈ ಸ್ಪೀಡ್ ಅಂತ ಬರೆದಿರುವ ಎಚ್‌ಡಿಎಂಐ ವೈರೇ ಬೇಕು.

ಹೊಸ ಗೋಡೆಯಾದರೆ ಗಾರೆ ಬಳಿಯುವ ಮೊದಲು ಪೈಪುಗಳ ಪಕ್ಕ ಅಳತೆ ಟೇಪ್ ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಲು ನಿಮ್ಮ ಓದುಗರಿಗೆ ಹೇಳಿ. ಮುಂದೆ ಸ್ಪೀಕರ್ ಹಾಕಲು ಬರುವವನು ಡ್ರಿಲ್ ಹಿಡಿದಾಗ, ಕರೆಂಟ್ ಪೈಪ್ ಎಲ್ಲಿ ಹೋಗಿದೆ ಅಂತ ಅವನಿಗೆ ಗೊತ್ತಾಗಬೇಕಲ್ವಾ?

ಇತಿ,
ವೈರಿಂಗ್ ಕೆಲಸದ ಒಬ್ಬ ಓದುಗ